ಎಫ್‌ಸಿ ಯಜಮಾನರು

ಬಿ.ಎಚ್. ರಸ್ತೆಯಲ್ಲಿ ಒಂದು ಹಳೇ ಫೋರ್ ನಾಟ್ ಸೆವೆನ್ ಎಡ ಬಿಡದೆ, ನಲವತ್ತು ಮೀರದೆ, ತಿರುವು ಬರುವ ಮೊದಲೇ ಇಂಡಿಕೇಟರ್ ಹಾಕಿ, ಹಿಂದೆ ಬಂದವರಿಗೆಲ್ಲ ದಾರಿ ಬಿಡುತ್ತ ಹೋಗುತ್ತಿದ್ದರೆ ಗಾಬರಿಯಾಗಬೇಡಿ. ಡ್ರೈವರಿಗೆ ಮೈ ಹುಷಾರಿಲ್ಲ ಅಂತಲೂ ತಿಳಿಯಬೇಡಿ. ಆ ಗಾಡಿಗೆ ಅವತ್ತು ಎಫ್‌ಸಿ, ಅಂದರೆ ಫಿಟ್‌ನೆಸ್ ಸರ್ಟಿಫಿಕೇಟಿನ ಪರೀಕ್ಷೆ.

ಗಾಡಿಯ ಒಳಗೆ, ಡ್ರೈವರ್ ಪಕ್ಕದಲ್ಲಿ, ಇಸ್ತ್ರಿ ಮಾಡಿದ ಬಿಳಿ ಪಂಚೆ ಉಟ್ಟು, ತೊಡೆಯ ಮೇಲೆ ಒಂದು ಪ್ಲಾಸ್ಟಿಕ್ ಕವರು ಇಟ್ಟುಕೊಂಡು ಕೂತಿರುವವರೇ ನಮ್ಮ ಯಜಮಾನರು. ಹೆಸರು ಹೇಳುವುದಿಲ್ಲ. ನೊಣವಿನಕೆರೆಯಲ್ಲೂ ಅವರಿದ್ದಾರೆ, ಹುಳಿಯಾರಲ್ಲೂ ಇದ್ದಾರೆ. ಮಾಯಸಂದ್ರ, ಹಂದನಕೆರೆ, ದಂಡಿನಶಿವರ, ಶೆಟ್ಟಿಕೆರೆ, ಎಲ್ಲಿ ಇಳಿದು ಕೇಳಿದರೂ ಟೀ ಅಂಗಡಿಯವನು ಮನೆ ತೋರಿಸುತ್ತಾನೆ. ನಾಲ್ಕೆಕರೆ ತೋಟ, ಅಟ್ಟದ ತುಂಬ ಕಾಯಿ, ಹಟ್ಟಿ ಮುಂದೆ ಒಂದು ಗಾಡಿ. ಗಾಡಿ ಯಾಕೆ ಅಂದರೆ, ‘ನಮ್ಮನೆ ಕಾಯಿ ಸಾಗ್ಸಕ್ಕೆ ಕಣಪ್ಪ’ ಅನ್ನುತ್ತಾರೆ. ಅದೇ ಗಾಡಿ ನಾರಿನ ಫ್ಯಾಕ್ಟರಿಗೆ ಮಟ್ಟೆ ಹೊರುತ್ತದೆ, ತಿಪಟೂರು ಮಾರ್ಕೆಟ್ಟಿಗೆ ಕೊಬ್ಬರಿ ಚೀಲ ಹೊರುತ್ತದೆ, ಮದುವೆ ಮನೆಗೆ ಶಾಮಿಯಾನ ಹೊರುತ್ತದೆ. ಜಾತ್ರೆ ದಿನ ಏನು ಹೊರುತ್ತದೆ ಅನ್ನುವುದನ್ನು ಇಲ್ಲಿ ಬರೆಯುವುದು ಬೇಡ. ಅದು ಸರಕು ಸಾಗಣೆಯ ಪರ್ಮಿಟ್ಟಿನ ಗಾಡಿ.

ಯಜಮಾನರಿಗೆ ಪರೀಕ್ಷೆ ಅಂದರೇನು ಅಂತ ಗೊತ್ತಿಲ್ಲ ಎಂದುಕೊಂಡರೆ ತಪ್ಪು. ಈ ಸೀಮೆಯಲ್ಲಿ ಅವರಷ್ಟು ಕಟ್ಟುನಿಟ್ಟಿನ ಪರೀಕ್ಷಕರೇ ಇಲ್ಲ. ತಿಪಟೂರಿನ ಉಂಡೆ ಕೊಬ್ಬರಿ ಸುಮ್ಮನೆ ಆಗುವುದಲ್ಲ. ಬಲಿತ ಕಾಯಿ ಸಿಪ್ಪೆ ಸಮೇತ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಕೂರಬೇಕು. ಒಳಗಿನ ನೀರು ಇಂಗಬೇಕು, ತಿರುಳು ಒಣಗಿ ಚಿಪ್ಪಿನಿಂದ ತಾನೇ ಬಿಟ್ಟುಕೊಳ್ಳಬೇಕು. ಯಜಮಾನರು ಒಂದೊಂದೇ ಕಾಯಿ ಕೈಗೆತ್ತಿಕೊಂಡು ಕಿವಿ ಹತ್ತಿರ ಅಲ್ಲಾಡಿಸುತ್ತಾರೆ. ಒಳಗೆ ಗಿಟುಕು ಗಡಗಡ ಅಂದರೆ ಪಾಸು. ಮಂಕಾಗಿ ಸದ್ದು ಬಂದರೆ, ‘ಇನ್ನೂ ಹಸಿ ಐತೆ, ಮೇಲಕ್ಕಾಕ್ಲಾ’ ಅಂತ ಮೊಮ್ಮಗನ ಕೈಗೆ ವಾಪಸ್ಸು. ಶಿಫಾರಸು ನಡೆಯುವುದಿಲ್ಲ, ಅವಸರ ನಡೆಯುವುದಿಲ್ಲ. ಗಡಗಡ ಅನ್ನದ ಕಾಯಿ ಅವರ ಅಟ್ಟದಿಂದ ಕೆಳಗಿಳಿದದ್ದಿಲ್ಲ. ಗಡಗಡ ಅನ್ನದೆ ಅವರ ಗಾಡಿ ರಸ್ತೆಗಿಳಿದದ್ದೂ ಇಲ್ಲ.

ಕಾನೂನಿನ ಪ್ರಕಾರ ಬಾಡಿಗೆ ಗಾಡಿಗೆ ಎಂಟು ವರ್ಷ ತುಂಬುವವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷ ವರ್ಷ ಎಫ್‌ಸಿ ಆಗಬೇಕು. ಯಜಮಾನರ ಗಾಡಿ ಎಂಟು ದಾಟಿ ಎಷ್ಟೋ ಕಾಲವಾಯಿತು. ಅದಕ್ಕಿರುವುದು ಇನ್ನೂ ತುಮಕೂರಿನ ಕೆಎ 06 ನಂಬರು. ತಿಪಟೂರಿಗೆ ಕೆಎ 44 ಬರುವ ಮುಂಚಿನದು. ಎಫ್‌ಸಿ ಅಂದರೆ ಸುಮಾರು 70 ಕಿಲೋಮೀಟರ್ ತುಮಕೂರಿಗೆ ಹೋಗಬೇಕಿದ್ದ ಕಾಲವನ್ನು ಅವರು ಕಂಡಿದ್ದಾರೆ. ‘ಆವಾಗ ಹೋಗಿ ಬರೋದೇ ಒಂದು ಟೆಸ್ಟು. ವಾಪಸ್ ಊರು ಸೇರಿದ್ರೆ ಗಾಡಿ ಫಿಟ್ ಇದೆ ಅಂತಲೇ ಅಲ್ವಾ?’ ಎನ್ನುವುದು ಅವರ ವಾದ. ವಾದದಲ್ಲಿ ಹುರುಳಿಲ್ಲ ಅಂತ ಹೇಳುವುದು ಕಷ್ಟ.

ಎಫ್‌ಸಿ ತಾರೀಕನ್ನು ಅವರು ಕ್ಯಾಲೆಂಡರಿನಲ್ಲಿ ನೋಡುವುದಿಲ್ಲ, ಕೊಬ್ಬರಿ ರೇಟಿನಲ್ಲಿ ನೋಡುತ್ತಾರೆ. 2023ರಲ್ಲಿ ತಿಪಟೂರು ಮಾರುಕಟ್ಟೆಯಲ್ಲಿ ಕ್ವಿಂಟಲ್ ಕೊಬ್ಬರಿ ಎಂಟು ಸಾವಿರದ ಆಸುಪಾಸಿಗೆ ಕುಸಿದು ಕೂತಿತ್ತು. ಯಜಮಾನರು ‘ಈ ರೇಟಲ್ಲಿ ಎಫ್‌ಸಿ ಎಲ್ಲಿಂದ ಮಾಡಿಸ್ಲಿ? ಕೊಬ್ಬರಿ ಏರ್ಲಿ, ನೋಡನ’ ಅಂದರು. ಏರಿತು. 2025ರ ನಡುವಿನ ಹೊತ್ತಿಗೆ ಮೂವತ್ತು ಸಾವಿರ ದಾಟಿತು. ಆಗ, ‘ಈಗ ಗಾಡಿ ಗ್ಯಾರೇಜಲ್ಲಿ ನಿಲ್ಸಕ್ಕಾಗುತ್ತಾ? ಬಾಡಿಗೆ ಮೇಲೆ ಬಾಡಿಗೆ ಕರೀತಾವ್ರೆ’ ಅಂದರು. ತಡವಾದ ಒಂದೊಂದು ದಿನಕ್ಕೂ ಐವತ್ತು ರೂಪಾಯಿ ಸೇರುತ್ತದೆ ಅಂತ ಮಗ ಹೇಳಿದ. ‘ಒಂದು ಕಾಯಿ, ಎಲ್ಡು ಕಾಯಿ ರೇಟು. ಇಲಿ ತಿಂತು ಅನ್ಕಳನ’ ಅಂದರು. ತಡ ಮಾಡಿದವನು ಕೆಡುವುದಿಲ್ಲ ಅನ್ನುವ ನಂಬಿಕೆಯನ್ನು ಸರ್ಕಾರವೂ ಅವರಲ್ಲಿ ಬೆಳೆಸಿದೆ. ಹೊಸ ನಂಬರ್ ಪ್ಲೇಟು ಹಾಕಿಸಲು 2023ರ ನವೆಂಬರ್ 17 ಕೊನೇ ದಿನ ಅಂತ ಸಾರಿದಾಗ ಇಡೀ ಊರು ಓಡಿತು, ಯಜಮಾನರು ಮಾತ್ರ ಜಗಲಿ ಬಿಟ್ಟು ಏಳಲಿಲ್ಲ. ಕೊನೇ ದಿನ ಫೆಬ್ರವರಿಗೆ ಹೋಯಿತು, ಅಲ್ಲಿಂದ ಮೇ ತಿಂಗಳಿಗೆ ಹೋಯಿತು, ಆಮೇಲೂ ಹೋಯಿತು. ಅಂದಿನಿಂದ ಊರಿನಲ್ಲಿ ಅವರ ಮಾತಿಗೆ ತೂಕ ಜಾಸ್ತಿ.

ಕೊನೆಗೆ ಒಂದು ದಿನ ಇಷ್ಟಿಷ್ಟೇ ಕಾರಣಗಳು ಖಾಲಿಯಾಗಿ ಗಾಡಿ ಗ್ಯಾರೇಜಿಗೆ ಬರುತ್ತದೆ. ಅಲ್ಲಿಂದ ಮುಂದೆ ನಡೆಯುವುದನ್ನು ನೋಡಬೇಕು. ವರ್ಷವಿಡೀ ‘ಆಮೇಲೆ ನೋಡನ’ ಅಂದುಕೊಂಡಿದ್ದ ಮನುಷ್ಯನಿಗೆ ಗಾಡಿಯಲ್ಲಿ ಏನೇನಿಲ್ಲ ಅಂತ ಬಾಯಿಪಾಠ ಬರುತ್ತದೆ. ಮೆಕ್ಯಾನಿಕ್ ಬಾಯಿ ಬಿಡುವ ಮೊದಲೇ ಇವರೇ ಹೇಳುತ್ತಾರೆ: ಹಿಂದಿನ ಎಡಗಡೆ ಬ್ರೇಕ್ ಹಿಡಿಯಲ್ಲ, ಬಲಗಡೆ ಹೆಡ್‌ಲೈಟು ತೋಟ ನೋಡುತ್ತೆ, ಸೈಲೆನ್ಸರಿಗೆ ತಂತಿ ಕಟ್ಟಿದೀನಿ, ಹ್ಯಾಂಡ್ ಬ್ರೇಕಿಗೆ ಕಲ್ಲು ಇಟ್ಕೊಂಡಿದೀನಿ. ಈ ಕಲ್ಲು ಕ್ಲೀನರ್ ಹುಡುಗನ ಸುಪರ್ದಿನಲ್ಲಿರುತ್ತದೆ. ಎಫ್‌ಸಿ ದಿನ ಕಲ್ಲನ್ನು ಮನೆಯಲ್ಲೇ ಬಿಟ್ಟು ಹೋಗಬೇಕು ಅಂತ ಅವನಿಗೆ ಎರಡು ಸಲ ಹೇಳಲಾಗುತ್ತದೆ.

ಚಾಸಿ ನಂಬರಿನ ಅಚ್ಚು ಬೇಕು. ನಂಬರು ಹೇಮಾವತಿ ನಾಲೆಯ ಮಣ್ಣಿನ ಕೆಳಗೆಲ್ಲೋ ಇದೆ. ಕರಟದ ಚೂರಿನಿಂದ ಕೆರೆದು, ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ, ಅದರ ಮೇಲೆ ಕಾಗದ ಹಿಡಿದು ಪೆನ್ಸಿಲ್ ಉಜ್ಜಿದರೆ ಒಂದೊಂದೇ ಅಂಕಿ ಮೇಲೇಳುತ್ತದೆ. ರೇಡಿಯಂ ಸ್ಟಿಕ್ಕರು ಮುಂದೆ ಬಿಳಿ, ಹಿಂದೆ ಕೆಂಪು, ಪಕ್ಕದಲ್ಲಿ ಹಳದಿ ಇರಬೇಕು. ಹುಡುಗ ಕೆಂಪನ್ನು ಮುಂದೆ ಅಂಟಿಸಿಬಿಟ್ಟಿರುತ್ತಾನೆ. ಕಿತ್ತು ಹಿಂದಕ್ಕೆ ಅಂಟಿಸಿದರೆ ಅಂಟೇ ಇಲ್ಲ. ಬೋರ್ಡ್ ಬರೆಯುವವನು ಬಂದು ಪಕ್ಕದ ಹಲಗೆಯ ಮೇಲೆ ಎಫ್‌ಸಿ, ಟ್ಯಾಕ್ಸು, ಇನ್ಶೂರೆನ್ಸು ತಾರೀಕುಗಳನ್ನು ಹೊಸದಾಗಿ ಬರೆದು, ‘ಶ್ರೀ ಚೌಡೇಶ್ವರಿ ಕೃಪೆ’ಗೆ ಇನ್ನೊಂದು ಕೋಟು ಕೊಡುತ್ತಾನೆ. ವೈಪರ್ ಬ್ಲೇಡು ಮಾತ್ರ ಹೊಸದೇ. ಬಿಸಿಲಿಗೆ ರಬ್ಬರು ಹಾಳಾಗುತ್ತದೆ ಅಂತ ಅದನ್ನು ವರ್ಷವಿಡೀ ಬೀರುವಿನಲ್ಲಿ, ಮನೆಯಾಕೆಯ ಧಾರೆ ಸೀರೆಯ ಕೆಳಗೆ ಇಟ್ಟಿರುತ್ತಾರೆ.

ಇನ್ನು ಎಫ್‌ಸಿ ಸೆಟ್ಟು. ಇದು ಈ ಭಾಗದ ಸಹಕಾರ ತತ್ವಕ್ಕೆ ಸಿಕ್ಕ ನಿಜವಾದ ಜಯ. ಒಂದು ಒಳ್ಳೇ ಸ್ಟೆಪ್ನಿ, ಒಂದು ಬೆಂಕಿ ಆರಿಸುವ ಸಿಲಿಂಡರು, ಒಂದು ಜ್ಯಾಕು, ಕೆಂಪು ತ್ರಿಕೋನ, ಒಂದು ಫಸ್ಟ್ ಏಯ್ಡ್ ಡಬ್ಬ. ಇವು ಯಾರವು ಅಂತ ಈಗ ಯಾರಿಗೂ ನೆನಪಿಲ್ಲ. ತುರುವೇಕೆರೆಯಿಂದ ಚಿಕ್ಕನಾಯಕನಹಳ್ಳಿಗೆ, ಅಲ್ಲಿಂದ ಕಿಬ್ಬನಹಳ್ಳಿ ಕ್ರಾಸಿಗೆ ಹೀಗೆ ಸುತ್ತುತ್ತಲೇ ಇರುತ್ತವೆ. ಡಬ್ಬದೊಳಗೆ ಒಂದು ಕಾಲದಲ್ಲಿ ಹತ್ತಿ ಇತ್ತು. ಯಾರದೋ ಮನೆಯಲ್ಲಿ ಕಾರ್ತೀಕ ಮಾಸದಲ್ಲಿ ದೀಪದ ಬತ್ತಿಗೆ ಹೋಯಿತು. ಈಗ ಎರಡು ಬ್ಯಾಂಡೇಜು, ಒಂದು ವಿಕ್ಸ್ ಡಬ್ಬಿ ಇವೆ. ಸೆಟ್ಟು ಕೇಳಿ ಪಡೆಯುವುದಕ್ಕೂ ಒಂದು ಕ್ರಮವಿದೆ. ‘ಅಣ್ಣ, ನಾಳೆ ಗಾಡಿಗೆ ಎಫ್‌ಸಿ’ ಅಂದರೆ ಸಾಕು, ಎದುರಿನವರು ಮಾತಾಡದೆ ಒಳಗೆ ಹೋಗಿ ಸ್ಟೆಪ್ನಿ ಉರುಳಿಸಿಕೊಂಡು ಬರುತ್ತಾರೆ.

ಅರ್ಜಿ ಹಾಕುವುದು ಕಂಪ್ಯೂಟರಿನಲ್ಲಿ. ತಿಪಟೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿರುವ ಮಗ ಎಲ್ಲ ತುಂಬಿ, ‘ಒಟಿಪಿ ಬಂತಾ ಅಪ್ಪ?’ ಅನ್ನುತ್ತಾನೆ. ಒಟಿಪಿ ಬಂದಿರುತ್ತದೆ, ಆದರೆ ಅರಸೀಕೆರೆಯಲ್ಲಿ. ನಂಬರು ಕೊಡುವಾಗ ಮನೆಯಲ್ಲಿ ಮೊಬೈಲು ಇದ್ದದ್ದು ಮಗಳ ಹತ್ತಿರ. ಆಮೇಲೆ ಆಕೆಯ ಜೊತೆ ಆ ನಂಬರೂ ಗಂಡನ ಮನೆ ಸೇರಿತು. ಫೋನು ಮಾಡಿದರೆ ಆಕೆ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದಾಳೆ. ಬೀಗರು ಕನ್ನಡಕ ಹುಡುಕಿ ಆರು ಅಂಕಿ ಓದಿ ಹೇಳುವಷ್ಟರಲ್ಲಿ ಒಟಿಪಿಯ ಆಯಸ್ಸು ಮುಗಿದಿರುತ್ತದೆ. ಎರಡನೇ ಸಲ ಬೀಗರು ಕನ್ನಡಕ ಹಾಕಿಕೊಂಡೇ ಕಾದಿರುತ್ತಾರೆ.

ಅವತ್ತು ಬೆಳಿಗ್ಗೆ ಗಾಡಿ ಮೊದಲು ದಸರೀಘಟ್ಟಕ್ಕೆ ಹೋಗುತ್ತದೆ. ಚೌಡೇಶ್ವರಿ ಅಮ್ಮ ಭಕ್ತರ ಪ್ರಶ್ನೆಗೆ ಬರೆದು ಉತ್ತರ ಕೊಡುವ ದೇವತೆ ಅಂತ ನಾಡಿಗೆಲ್ಲ ಗೊತ್ತು. ಎಫ್‌ಸಿ ವಿಷಯ ಮಾತ್ರ ಯಜಮಾನರು ಕೇಳುವುದಿಲ್ಲ. ಅಮ್ಮ ನಿಜ ಬರೆದುಬಿಟ್ಟರೆ ಅನ್ನುವ ಭಯ. ಕೈ ಮುಗಿದು, ಟೈರಿಗೆ ನಿಂಬೆಹಣ್ಣು ಇಟ್ಟು ಹೊರಡುತ್ತಾರೆ.

ಕಳೆದ ಸಲದ ಬ್ರೇಕ್ ಇನ್ಸ್‌ಪೆಕ್ಟರ್ ಸಾಹೇಬರು ಚಿಕ್ಕ ವಯಸ್ಸಿನವರು, ಮಾತು ಕಡಿಮೆ. ಯಜಮಾನರು ತಂದಿದ್ದ ಎಳನೀರನ್ನು ‘ಬೇಡ, ಅಲ್ಲಿಡಿ’ ಅಂದರು. ಡ್ರೈವರನ್ನು ಇಳಿಸಿ ಯಜಮಾನರೇ ಸ್ಟೇರಿಂಗ್ ಹಿಡಿದು ಕೂತರು. ಗಾಡಿ ಕೇಳುವುದು ತನ್ನೊಬ್ಬನ ಮಾತನ್ನೇ ಅಂತ ಅವರ ನಂಬಿಕೆ.

‘ಎಡಗಡೆ ಇಂಡಿಕೇಟರ್ ಹಾಕಿ.’

ವೈಪರ್ ಓಡಿತು.

‘ನಾನು ವೈಪರ್ ಕೇಳ್ಲಿಲ್ಲ.’

‘ಅದೂ ಐತೆ ಅಂತ ತೋರ್ಸ್ದೆ ಸಾರ್.’

‘ಸರಿ, ಮುಂದಕ್ಕೆ ಹೋಗಿ ಬ್ರೇಕ್ ಹಿಡೀರಿ.’

ವರ್ಷವಿಡೀ ನಾಲ್ಕು ಸಲ ಪಂಪು ಹೊಡೆದು ಬ್ರೇಕು ಹಿಡಿದ ಕಾಲು ಅದು. ಅದೇ ಲೆಕ್ಕದಲ್ಲಿ ತುಳಿದರೆ ಹೊಸ ಲೈನರು ಮೊದಲನೇ ತುಳಿತಕ್ಕೇ ಹಿಡಿದು, ಗಾಡಿ ನಿಂತ ಕಡೆ ನಿಂತಿತು, ಯಜಮಾನರ ಹಣೆ ಗ್ಲಾಸಿಗೆ ಬಡಿಯಿತು. ತಮ್ಮ ಗಾಡಿ ಇಷ್ಟು ಚೆನ್ನಾಗಿದೆ ಅನ್ನುವುದು ಅವರಿಗೂ ಅವತ್ತೇ ಗೊತ್ತಾದದ್ದು. ವೇಗ ನಿಯಂತ್ರಕದ ಮಾತು ಬಂದಾಗ, ‘ಅದು ಯಾಕೆ ಸಾರ್, ಈ ಗಾಡಿ ಐವತ್ತು ದಾಟೋದು ಇಳಿಜಾರಲ್ಲಿ ಮಾತ್ರ’ ಅಂತ ಪ್ರಾಮಾಣಿಕವಾಗಿಯೇ ಹೇಳಿದರು.

ಸಾಹೇಬರು ಹಿಂದೆ ಬಂದು ಸ್ಟೆಪ್ನಿ ಮುಂದೆ ನಿಂತರು. ರಿಮ್ಮಿನ ಮೇಲೆ ಬಿಳಿ ಬಣ್ಣದಲ್ಲಿ ‘ಶ್ರೀ ರಂಗನಾಥ ಪ್ರಸನ್ನ’ ಅಂತ ಬರೆದಿತ್ತು.

‘ಈ ಟೈರನ್ನ ಎಲ್ಲೋ ನೋಡಿದೀನಲ್ಲ ಯಜಮಾನ್ರೆ.’

‘ನಮ್ ಕಡೇದೇ ಸಾರ್.’

‘ಬೋರ್ಡಲ್ಲಿ ಚೌಡೇಶ್ವರಿ, ಸ್ಟೆಪ್ನೀಲಿ ರಂಗನಾಥ?’

‘ಮನೆದೇವ್ರು ಎಲ್ಡು ಸಾರ್. ಒಂದು ಹೆಂಡ್ರ ಕಡೇದು.’

ಸಾಹೇಬರು ನಕ್ಕರು. ನಕ್ಕ ಮೇಲೂ ಹಿಂದಿನ ಕೆಂಪು ಸ್ಟಿಕ್ಕರು ನೇತಾಡುತ್ತಿರುವುದನ್ನು ಬಿಡಲಿಲ್ಲ. ಸರಿ ಮಾಡಿಸಿಕೊಂಡು ಬನ್ನಿ ಅಂತ ಕಳಿಸಿದರು. ಮಧ್ಯಾಹ್ನದ ಹೊತ್ತಿಗೆ ಅದೂ ಆಯಿತು. ಮುಂದೆ ಹಿಂದೆ ಫೋಟೋ ತೆಗೆದರು. ಗಾಡಿ ಪಾಸು.

ನನಗೆ ಯಜಮಾನರ ಮೇಲೆ ಇರುವ ದೂರು ಗಾಡಿ ಕೆಟ್ಟಿದೆ ಅಂತಲ್ಲ. ಗಾಡಿಯನ್ನು ಮೂರೇ ದಿನದಲ್ಲಿ ಸರಿ ಮಾಡುವ ವಿದ್ಯೆ ಗೊತ್ತಿದ್ದೂ ಅದನ್ನು ಪಾಸಾದ ಸಂಜೆಯೇ ಬಿಚ್ಚಿಡುತ್ತಾರಲ್ಲ, ಅದು. ವೈಪರು ಬೀರುವಿಗೆ ಹೋಗುತ್ತದೆ. ಸ್ಟೆಪ್ನಿ ಶೆಟ್ಟಿಕೆರೆಗೆ ಹೋಗುತ್ತದೆ, ಅಲ್ಲೊಬ್ಬರಿಗೆ ಗುರುವಾರ ಎಫ್‌ಸಿ. ಮುಂದಿನ ಎರಡು ಟೈರುಗಳಲ್ಲಿ ಒಂದು ಭಾವಮೈದನದು, ಅದೂ ವಾಪಸ್ಸು. ಹೊಸ ಬ್ರೇಕ್ ಲೈನರು ಬಿಚ್ಚಲು ಬರುವುದಿಲ್ಲವಲ್ಲ ಅಂತ ಅವರಿಗೆ ಸ್ವಲ್ಪ ಬೇಜಾರು. ಕಲ್ಲು ಮತ್ತೆ ಹುಡುಗನ ಕಾಲ ಬಳಿ ಬಂದು ಕೂರುತ್ತದೆ. ಎಫ್‌ಸಿ ಇಲ್ಲದ ಬಾಡಿಗೆ ಗಾಡಿಗೆ ನೋಂದಣಿ ಇದ್ದರೂ ಇಲ್ಲದಂತೆಯೇ ಅನ್ನುತ್ತದೆ 1988ರ ಮೋಟಾರು ವಾಹನ ಕಾಯ್ದೆ. ಯಜಮಾನರು ಈ ಮಾತನ್ನು ಕಾಗದದವರೆಗೆ ಮಾತ್ರ ಓದಿಕೊಂಡಿದ್ದಾರೆ. ಕಾಗದ ಇದ್ದ ಮೇಲೆ ಗಾಡಿಗೆ ಇನ್ನೇನು ಬೇಕು?

ಮನೆಯಾಕೆ ಈ ವಿಚಾರದಲ್ಲಿ ಒಂದೇ ಸಲ ಬಾಯಿ ಹಾಕಿದ್ದು. ‘ಅಲ್ಲ, ಕಾಯಿ ಅಲ್ಲಾಡಿಸಿ ಅಲ್ಲಾಡಿಸಿ ನೋಡ್ತೀರಲ್ಲ, ಮೇಲೆ ಕೂತ್ಕೊಂಡು ಹೋಗೋ ಗಾಡೀನ ನೋಡಾಕಿಲ್ವಾ?’ ಅಂದರು. ಯಜಮಾನರು, ‘ಕಾಯಿ ಮಾರೋದು ಕಣೆ, ಗಾಡಿ ಮಾರೋದಲ್ಲ’ ಅಂದರು. ಇದಕ್ಕೆ ಆಕೆಯ ಹತ್ತಿರ ಉತ್ತರವಿರಲಿಲ್ಲ. ನನ್ನ ಹತ್ತಿರವೂ ಇಲ್ಲ.

ಇನ್ನು ಮುಂದೆ ಮನುಷ್ಯರಲ್ಲ, ಯಂತ್ರಗಳೇ ಗಾಡಿಯನ್ನು ಪರೀಕ್ಷೆ ಮಾಡಬೇಕು ಅಂತ ಕೇಂದ್ರ ಸರ್ಕಾರ 2022ರಲ್ಲೇ ನಿಯಮ ಬರೆದಿದೆ. ಚಕ್ರವನ್ನು ಉರುಳೆಯ ಮೇಲೆ ನಿಲ್ಲಿಸಿದರೆ ಬ್ರೇಕಿನ ಬಲ, ದೀಪದ ದಿಕ್ಕು, ಹೊಗೆಯ ಪ್ರಮಾಣ ಎಲ್ಲ ಅಂಕಿಯಲ್ಲಿ ಬರುತ್ತದಂತೆ. ಸಾಲದ್ದಕ್ಕೆ 15 ವರ್ಷ ದಾಟಿದ ಗಾಡಿಗಳ ಶುಲ್ಕ 2022ರ ಏಪ್ರಿಲ್‌ನಿಂದಲೇ ಹಲವು ಪಟ್ಟು ಏರಿದೆ. ಟೀ ಅಂಗಡಿಯಲ್ಲಿ ಈ ಸುದ್ದಿ ಓದಿದಾಗ ಯಜಮಾನರು ಬಹಳ ಹೊತ್ತು ಸುಮ್ಮನಿದ್ದು, ‘ಮಿಷನ್ನು ಸ್ಟೆಪ್ನಿ ಮೇಲೆ ಬರ್ದಿರೋದು ಓದುತ್ತಾ?’ ಅಂತ ಕೇಳಿದರು. ಓದಲಾರದು ಅಂತ ಮಗ ಹೇಳಿದ ಮೇಲೆ ಮುಖ ಸ್ವಲ್ಪ ಗೆಲುವಾಯಿತು.

ಅವರ ಗಾಡಿಯ ಮುಂದಿನ ಎಫ್‌ಸಿ ಬರುವ ವರ್ಷವೇ. ಅದೇ ತಿಂಗಳು ನಿಮಗೂ ಸೆಟ್ಟು ಬೇಕಿದ್ದರೆ ಈಗಲೇ ಹೇಳಿಡಿ. ಸರದಿ ದೊಡ್ಡದಿದೆ, ಮತ್ತು ಡಬ್ಬದಲ್ಲಿ ವಿಕ್ಸ್ ಮುಗಿದಿದೆ; ಬರುವಾಗ ಒಂದು ತನ್ನಿ.