ವಿಎ ಎಷ್ಟು ಬೇಕು ಸಾರ್?

ನಮ್ಮ ಮನೆಯಲ್ಲಿ ಕರೆಂಟು ಹೋಗುವುದಕ್ಕೂ ಧಾರಾವಾಹಿಯ ಅತ್ತೆ ಸೊಸೆಯ ಮೇಲೆ ಕೈ ಎತ್ತುವುದಕ್ಕೂ ಅದೇನು ಮುಹೂರ್ತವೋ, ಎರಡೂ ಒಟ್ಟಿಗೇ. ಮೂರನೇ ಸಲ ಹೀಗಾದಾಗ ಮನೆಯಾಕೆ, "ಯುಪಿಎಸ್ ತನ್ನಿ, ಇಲ್ಲಾಂದ್ರೆ ರಾತ್ರಿ ಅಡುಗೆ ನಿಮ್ಮದೇ" ಅಂದಳು. ಹೊರಟೆ.

"ಎಷ್ಟು ವಿಎ ಬೇಕು ಸಾರ್?" ಅಂಗಡಿಯವನು ಕೇಳಿದ. ನನಗೆ ಗೊತ್ತಿದ್ದ ವಿಎ ಅಂದರೆ ಊರಿನ ಗ್ರಾಮ ಲೆಕ್ಕಿಗರು. ಇದು ವೋಲ್ಟ್-ಆಂಪಿಯರ್ ಅಂತೆ. ಡಬ್ಬದ ಮೇಲೆ 600 ವಿಎ ಅಂತ ಇದ್ದರೆ ಕೈಗೆ ಸಿಗುವುದು ಸುಮಾರು 360 ವ್ಯಾಟ್. ಪಿಎಫ್ ಮುರಿದ ಸಂಬಳದ ಹಾಗೆ. ಅಷ್ಟರಲ್ಲಿ ಕಂಪ್ಯೂಟರ್ ಹತ್ತಿಪ್ಪತ್ತು ನಿಮಿಷ ಉಸಿರಾಡೀತು, ಅಷ್ಟೆ. ಸಂಜೆಯೆಲ್ಲ ಫ್ಯಾನು, ಟಿವಿ ಬೇಕೆಂದರೆ ಇನ್ವರ್ಟರು, ಜೊತೆಗೆ 12 ವೋಲ್ಟಿನ 150 ಎಎಚ್ ಬ್ಯಾಟರಿ. ಕಾಗದದ ಮೇಲೆ ಅದು 1800 ವ್ಯಾಟ್-ಅವರ್. 200 ವ್ಯಾಟ್ ಉರಿಸಿದರೆ 9 ಗಂಟೆ. "ಮನೆಯಲ್ಲಿ ಏಳು ಬಂದರೆ ಪುಣ್ಯ" ಎಂದ ಪುಣ್ಯಾತ್ಮ. ಅಗ್ಗದ ಸ್ಕ್ವೇರ್ ವೇವ್ ತಗೊಂಡರೆ ಫ್ಯಾನು ಗುಂಯ್ ಅನ್ನುತ್ತದಂತೆ. ಗುಂಯ್ ಅನ್ನಲು ಸೊಳ್ಳೆಗಳೇ ಸಾಕು ಅಂತ ಸೈನ್ ವೇವ್ ತಂದೆ.

ಆ ರಾತ್ರಿ ಕರೆಂಟು ಹೋಯಿತು. ದೀಪ ಉರಿಯಿತು, ಫ್ಯಾನು ತಿರುಗಿತು, ಟಿವಿಯೂ ಬೆಳಗಿತು. ಪರದೆಯ ಮೇಲೆ ಮಾತ್ರ 'ಸಿಗ್ನಲ್ ಇಲ್ಲ'.

ನೀವೂ ಕೊಳ್ಳುವವರಿದ್ದರೆ, ಕೇಬಲ್ಲಿನವನ ಹತ್ತಿರ ಯುಪಿಎಸ್ ಇದೆಯೇ ಅಂತ ಮೊದಲು ವಿಚಾರಿಸಿ.