ಹರಿವಾಣ ಮೀಮಾಂಸೆ

ಶತ್ರುವನ್ನು ಕಣ್ಣಾರೆ ಕಂಡು ಗುರುತಿಸುವುದು ಪಾಮರರ ಪದ್ಧತಿಯೆಂದೂ, ಅವನನ್ನು ಕೊಚ್ಚಿ, ಆ ಚೂರನ್ನು ತಮ್ಮ ಮನೆತನದ ಹೆಸರು ಕೆತ್ತಿದ ಹರಿವಾಣದಲ್ಲಿ ಬಡಿಸಿ ತಂದರೆ ಮಾತ್ರ ಅವನು ಪರಕೀಯನೆಂದು ಒಪ್ಪುವುದು ಕುಲೀನರ ಲಕ್ಷಣವೆಂದೂ ಸಾರುವ ದರ್ಶನವೊಂದು ನಮ್ಮೆಲ್ಲರ ನೆತ್ತರಿನಲ್ಲಿಯೇ ಪ್ರಚಲಿತವಾಗಿದ್ದರೂ, ಅದಕ್ಕೆ ಭಾಷ್ಯ ಬರೆಯುವ ಭಾಗ್ಯ ಷಡ್ದರ್ಶನಕಾರರಲ್ಲಿ ಒಬ್ಬರಿಗೂ ಒದಗದೆ ಹೋದುದು ವಿಷಾದಕರ. ಈ ದರ್ಶನದ ಆಚಾರ್ಯರು ಟಿ-ಜೀವಕೋಶಗಳು. ಇವರಿಗೆ ಪೂರ್ವಪಕ್ಷವಾದ ಬಿ-ಜೀವಕೋಶವು ಶುದ್ಧ ಪ್ರತ್ಯಕ್ಷವಾದಿ. ವೈರಾಣುವಿನ ಹೊರಮೈಯನ್ನು ನೇರವಾಗಿ ತಡವಿ, ಅದರ ಉಬ್ಬುತಗ್ಗುಗಳು ತನ್ನ ಗ್ರಾಹಕಕ್ಕೆ ಹೊಂದಿದುವೆಂದರೆ ಅದು ತೃಪ್ತ. ಇಂಥ ಸರಳಬುದ್ಧಿಯವರನ್ನು ಕುರಿತು ಹೆಚ್ಚು ಬರೆಯುವುದು ಕಾಗದದ ಅಪವ್ಯಯ.

ಇನ್ನು ಹರಿವಾಣದ ಲಕ್ಷಣ. ಲೌಕಿಕರು ಎಂಎಚ್‌ಸಿ ಎಂದು ಕರೆಯುವ ಈ ಪ್ರೋಟೀನಿಗೆ ಎಂಟು ಎಳೆಗಳ ತಳ, ಇಕ್ಕೆಲದಲ್ಲಿ ಸುರುಳಿಯಾದ ಎರಡು ದಡ, ನಡುವೆ ಕಿರಿದಾದ ತೋಡು. ಒಂದನೆಯ ವರ್ಗದ ಹರಿವಾಣದಲ್ಲಿ ತೋಡಿನ ಎರಡು ತುದಿಗಳೂ ಮುಚ್ಚಿರುವುದರಿಂದ 8ರಿಂದ 10 ಅಮೈನೋ ಆಮ್ಲಗಳಷ್ಟು ಉದ್ದದ ತುಣುಕಿಗೆ ಮಾತ್ರ ಅಲ್ಲಿ ಸಾಮಾನ್ಯವಾಗಿ ಸ್ಥಳ. ಜೀವಕೋಶವು ತನ್ನೊಳಗಿನ ಪ್ರೋಟೀನುಗಳನ್ನು ಎಡೆಬಿಡದೆ ಹೆಚ್ಚಿ, ಸ್ವಕೀಯ ಪರಕೀಯವೆಂಬ ಭೇದವೆಣಿಸದೆ ಹೊರಬಾಗಿಲಲ್ಲಿ ಬಡಿಸಿಡುತ್ತದೆ. 1987ರಲ್ಲಿ ಹಾರ್ವರ್ಡಿನ ಪಮೇಲಾ ಬ್ಯೋರ್ಕ್‌ಮನ್ ಮತ್ತು ಸಂಗಡಿಗರು ಇಂಥದೊಂದು ಮಾನವ ಹರಿವಾಣವನ್ನು ಸ್ಫಟಿಕವಾಗಿಸಿ ಕ್ಷಕಿರಣ ಹಾಯಿಸಿ ನೋಡಲಾಗಿ, ತಾವಾಗಿ ಏನನ್ನೂ ಬಡಿಸದಿದ್ದರೂ ತೋಡಿನೊಳಗೆ ಏನೋ ಒಂದು ಕುಳಿತಿದ್ದುದು ಕಂಡಿತು. ಬರಿದಾದ ಪಾತ್ರೆಯನ್ನು ಹೊರಗಿಡುವುದು ಅಶುಭವೆಂಬ ನಮ್ಮ ಹಿರಿಯರ ನಂಬಿಕೆಗೆ ಇದಕ್ಕಿಂತ ಪ್ರಬಲವಾದ ಪ್ರಮಾಣ ಬೇಕಿಲ್ಲ.

ಹರಿವಾಣಗಳು ಮೊದಲು ಪಂಡಿತರ ಗಮನಕ್ಕೆ ಬಂದುದು ಕಸಿ ಮಾಡಿದ ಅಂಗಾಂಶವನ್ನು ದೇಹವು ತಿರಸ್ಕರಿಸುವ ಪ್ರಸಂಗದಲ್ಲಾದುದರಿಂದ, ಪ್ರಕೃತಿಯು ಇವುಗಳನ್ನು ಶಸ್ತ್ರವೈದ್ಯರ ಪೀಡನಾರ್ಥವಾಗಿಯೇ ನಿರ್ಮಿಸಿತೋ ಎಂಬ ಶಂಕೆಗೆ ಬಹುಕಾಲ ಎಡೆಯಿತ್ತು. ಆ ಶಂಕೆಯನ್ನು ನಿವಾರಿಸಿದವರು ಕ್ಯಾನ್‌ಬೆರಾದ ಪೀಟರ್ ಡೊಹರ್ಟಿ ಮತ್ತು ರೋಲ್ಫ್ ಜಿಂಕರ್‌ನಾಗೆಲ್. ಒಬ್ಬರು ಪಶುವೈದ್ಯ, ಇನ್ನೊಬ್ಬರು ಸ್ವಿಟ್ಜರ್ಲೆಂಡಿನಿಂದ ಬಂದ ವೈದ್ಯ. ಮಿದುಳ ಪೊರೆಯನ್ನು ಕಾಡುವ ವೈರಾಣು ತಗುಲಿದ ಇಲಿಯಿಂದ ತೆಗೆದ ಟಿ-ಜೀವಕೋಶಗಳು, ಅದೇ ವೈರಾಣು ಹೊಕ್ಕ ಸ್ವವಂಶದ ಕೋಶಗಳನ್ನು ನಿರ್ದಾಕ್ಷಿಣ್ಯವಾಗಿ ಕೊಂದು, ಅದೇ ವೈರಾಣುವೇ ಹೊಕ್ಕಿದ್ದ ಬೇರೆ ವಂಶದ ಕೋಶಗಳ ಮುಂದೆ ಏನೂ ಆಗಿಲ್ಲವೆಂಬಂತೆ ಸುಮ್ಮನಿದ್ದುದನ್ನು ಅವರು 1974ರಲ್ಲಿ ಪ್ರಕಟಿಸಿದರು. ಮನೆ ಉರಿಯುತ್ತಿದ್ದರೂ ಪಾತ್ರೆಯ ಮೇಲಿನ ಹೆಸರನ್ನು ಓದದೆ ಕೊಡ ಎತ್ತದ ಈ ಆಚಾರನಿಷ್ಠೆಗೆ ಸ್ಟಾಕ್‌ಹೋಮಿನವರು 1996ರಲ್ಲಿ ನೊಬೆಲ್ ಪಾರಿತೋಷಕವಿತ್ತರು. ಆಚಾರ್ಯರಿಗಲ್ಲ, ಅವರ ಆಚಾರವನ್ನು ಕಂಡುಹಿಡಿದವರಿಗೆ.

ಈ ನಿಷ್ಠೆಯು ಸುಮ್ಮನೆ ಬಂದುದಲ್ಲ. ಎದೆಯೆಲುಬಿನ ಹಿಂದಿರುವ ಥೈಮಸ್ ಗ್ರಂಥಿಯಲ್ಲಿ ಎಳೆಯ ಟಿ-ಜೀವಕೋಶಗಳಿಗೆ ನಡೆಯುವ ಪರೀಕ್ಷೆಯಲ್ಲಿ, ಮನೆತನದ ಹರಿವಾಣವನ್ನೇ ಗುರುತಿಸಲಾರದವರು ಉಪೇಕ್ಷೆಯಿಂದ ಸಾಯುತ್ತಾರೆ; ಅದರಲ್ಲಿರುವ ಮನೆಯಡುಗೆಯನ್ನು ಕಂಡೇ ಕೆರಳುವವರು ಆಜ್ಞೆಯಿಂದ ಸಾಯುತ್ತಾರೆ. ನೂರಕ್ಕೆ 95ಕ್ಕೂ ಮಿಕ್ಕವರು ಅಲ್ಲಿಂದ ಹೊರಬರುವುದಿಲ್ಲ. ಅನುತ್ತೀರ್ಣರಿಗೆ ಪುನಃ ಪರೀಕ್ಷೆಯ ಅವಕಾಶ ಕಲ್ಪಿಸುವ ವಿಶ್ವವಿದ್ಯಾನಿಲಯಗಳ ದಾಕ್ಷಿಣ್ಯವನ್ನು ಇಲ್ಲಿ ಸ್ಮರಿಸದಿರುವುದು ಕೃತಘ್ನತೆಯಾದೀತು.

ಇಷ್ಟು ಶುದ್ಧವಾದ ಸಿದ್ಧಾಂತಕ್ಕೂ ನಾಸ್ತಿಕರುಂಟು. ಸೈಟೊಮೆಗಲೊವೈರಾಣುವೆಂಬುದು ಜೀವಕೋಶವನ್ನು ಹೊಕ್ಕು, ಹರಿವಾಣಗಳು ಹೊರಬಾಗಿಲನ್ನು ತಲಪುವ ಮೊದಲೇ ನಾಶಮಾಡಿಬಿಡುತ್ತದೆ. ಹರಿವಾಣವಿಲ್ಲದ ಮೇಲೆ ಚೂರಿಲ್ಲ, ಚೂರಿಲ್ಲದ ಮೇಲೆ ವೈರಿಯಿಲ್ಲವೆಂದು ಆಚಾರ್ಯರು ಮುಂದೆ ಸಾಗುತ್ತಾರೆ. ಆದರೆ ಯಾವ ಶಾಸ್ತ್ರವನ್ನೂ ಓದದ ಸಹಜಹಂತಕ ಕೋಶಗಳೆಂಬ ಇನ್ನೊಂದು ಪಂಗಡವು, ಬಾಗಿಲಲ್ಲಿ ಹರಿವಾಣವೇ ಕಾಣದ ಮನೆ ಸಂಶಯಾಸ್ಪದವೆಂದು ಬಗೆದು ಅದರ ಮೇಲೆಯೇ ಎರಗುತ್ತದೆ. ಇದನ್ನೂ ಮೊದಲೇ ಊಹಿಸಿದಂತೆ, ಆ ವೈರಾಣುವು ಅಸಲಿನ ಪಡಿಯಚ್ಚಿನಂತಿರುವ ಹರಿವಾಣವೊಂದನ್ನು ತಾನೇ ಎರಕ ಹೊಯ್ದು ಬಾಗಿಲಿಗೆ ಇಡುತ್ತದೆ. ಪರೀಕ್ಷಿಸಿ ನೋಡಿದವರ ಪ್ರಕಾರ ಅದೂ ಬರಿದಲ್ಲ. ಮನೆಯವರದೇ ಅಡುಗೆಯನ್ನು ಅದರಲ್ಲಿ ಬಡಿಸಿರುತ್ತದೆ.