ರೀಬೇಸ್ ರಾಯರು

ಲಿನಕ್ಸ್ ಕರ್ನಲ್‌ನ ಹೊಸ ಆವೃತ್ತಿಯನ್ನು ಲಿನಸ್ ಟೋರ್ವಾಲ್ಡ್ಸ್ ಬಿಡುಗಡೆ ಮಾಡುವುದು ಸಾಮಾನ್ಯವಾಗಿ ಭಾನುವಾರ, ಅಮೆರಿಕದ ಮಧ್ಯಾಹ್ನ. ನಮಗದು ಸೋಮವಾರದ ಬೆಳಗಿನ ಜಾವ. ಅವರು ಕೈತೊಳೆದುಕೊಂಡು ಏಳುವ ಹೊತ್ತಿಗೆ ಇಲ್ಲಿ ಬೆಂಗಳೂರಲ್ಲಿ ನಮ್ಮ ರೀಬೇಸ್ ರಾಯರ ಬಿಪಿ ಏರತೊಡಗುತ್ತದೆ.

ನಿಜವಾದ ಹೆಸರು ಬೇಡ. ಇಂಥವರು ಕಂಪನಿಗೊಬ್ಬರು ಇದ್ದೇ ಇರುತ್ತಾರೆ. ನನ್ನ ಪಾಲಿನವರು ಪಕ್ಕದ ಸೀಟಿನಲ್ಲೇ ಇದ್ದಾರೆ. ಕರ್ನಲ್ ಮೇಲೆ ಅವರದೇ ಇಪ್ಪತ್ತು ಚಿಲ್ಲರೆ ಪ್ಯಾಚ್‌ಗಳಿವೆ. ಬಾಡಿಗೆ ಮನೆಗೆ ಕೈಯಿಂದ ದುಡ್ಡು ಹಾಕಿ ಟೈಲ್ಸ್ ಹಾಕಿಸಿಕೊಂಡವರ ಪಾಡು ಅವರದು: ಮಾಲೀಕರು 9-10 ವಾರಕ್ಕೊಮ್ಮೆ ಗೋಡೆ ಸರಿಸುತ್ತಾರೆ. ಆಗೆಲ್ಲ ತಮ್ಮ ಪ್ಯಾಚ್‌ಗಳನ್ನು ಹೊಸ ಆವೃತ್ತಿಯ ಮೇಲೆ ಮತ್ತೆ ಕೂರಿಸಬೇಕು, ಅದೇ ರೀಬೇಸ್. ಒಂದೊಂದು ಆವೃತ್ತಿಯಲ್ಲೂ 10,000ಕ್ಕಿಂತ ಹೆಚ್ಚು ಬದಲಾವಣೆ. ಒಳಗಿನ ಫಂಕ್ಷನ್‌ಗಳು ಇದ್ದ ಹಾಗೇ ಇರುತ್ತವೆಂಬ ಭರವಸೆ ಕೊಡುವುದಿಲ್ಲ ಅಂತ ಕರ್ನಲ್‌ನವರು ಬರೆದೇ ಇಟ್ಟಿದ್ದಾರೆ. ಆದರೂ 2018ರಲ್ಲಿ ಬಂದ 4.15ರ ಮಾತೆತ್ತಿದರೆ ರಾಯರಿಗೆ ತುತ್ತು ಇಳಿಯುವುದಿಲ್ಲ. "ಇನಿಟ್ ಟೈಮರ್ ಕಿತ್ತು ಹಾಕಿದ್ರು ಕಣ್ರೀ, ಹೇಳ್ದೆ ಕೇಳ್ದೆ!" (ಹೇಳಿಯೇ ಕಿತ್ತಿದ್ದರು. ಕೇಳಿಸಿಕೊಳ್ಳಲು ರಾಯರಿಗೆ ಪುರುಸೊತ್ತಿರಲಿಲ್ಲ, ರೀಬೇಸ್ ಮಾಡುತ್ತಿದ್ದರು.)

ಕರ್ನಲ್ ಹೊಸ ಬದಲಾವಣೆಗಳನ್ನು ಸೇರಿಸಿಕೊಳ್ಳುವ ಮರ್ಜ್ ವಿಂಡೋದ ಎರಡು ವಾರ ಅವರು ಮದುವೆ ಮುಂಜಿಗೆ ಹೋಗುವುದಿಲ್ಲ. ಒಮ್ಮೆ ಬಿಡಿಸಿದ ಕಾನ್‌ಫ್ಲಿಕ್ಟನ್ನು ನೆನಪಿಟ್ಟುಕೊಂಡು ಮುಂದಿನ ಸಲ ತಾನೇ ಬಿಡಿಸುವ 'ರೆರೆರೆ' ಎಂಬ ಸೌಲಭ್ಯ ಗಿಟ್‌ನಲ್ಲಿದೆ, ಅದನ್ನು ಮುಟ್ಟುವುದಿಲ್ಲ. ಜಗಳ ಕೈಯಾರೆ ಬಿಡಿಸಿದರೇ ಅವರಿಗೆ ಸಮಾಧಾನ.

ಬಿಡಿಸುವಾಗ ಪಕ್ಕದಲ್ಲಿ ಸಾಕ್ಷಿ ಬೇಕು. "ಒಂದ್ನಿಮಿಷ ಬನ್ರೀ" ಎಂದರೆ ನನ್ನ ಬೆಳಗು ಮುಗಿಯಿತು. ಗಿಟ್ ಕೈಕೊಟ್ಟರೆ ಫೋಲ್ಡರನ್ನೇ ಅಳಿಸಿ ಮತ್ತೆ ಕ್ಲೋನ್ ಮಾಡುವ ಪೈಕಿ ನಾನು. ನನ್ನ ಸಾಕ್ಷಿಗೆ ಏನು ಬೆಲೆಯೋ! ಮರ್ಜ್ ಮಾಡುವಾಗ 'ಅವರ್ಸ್' ಎಂದರೆ ನಮ್ಮ ಕೋಡು. ರೀಬೇಸ್ ಮಾಡುವಾಗ ಅದೇ 'ಅವರ್ಸ್' ಮೇಲಿನವರ, ಅಂದರೆ ಕರ್ನಲ್‌ನವರ, ಕೋಡು, 'ದೇರ್ಸ್' ನಮ್ಮದು. ಈ ಉಲ್ಟಾಪಲ್ಟಾವನ್ನು ಹೊಸ ಹುಡುಗರಿಗೆಲ್ಲ ಬೋರ್ಡಿನ ಮೇಲೆ ಬರೆದು ಕಲಿಸಿದವರೇ ರಾಯರು. ಒಂದು ಸೋಮವಾರ ಟಚ್‌ಸ್ಕ್ರೀನ್ ಡ್ರೈವರ್ ಫೈಲಿಗೆ ಬಂದಾಗ ಅವರೇ 'ಅವರ್ಸ್' ಒತ್ತಿದರು. ಗಿಟ್ ತುಟಿ ಪಿಟಕ್ಕೆನ್ನಲಿಲ್ಲ. ಕಂಪೈಲ್ ಆಯಿತು, ಒಂದು ವಾರ್ನಿಂಗೂ ಇಲ್ಲ. ಖುಷಿಗೆ ಎಲ್ಲರಿಗೂ ಕಾಫಿ ಕೊಡಿಸಿ, ಈ ಸಲ ಎಷ್ಟು ಸಲೀಸಾಗಿ ಆಯಿತೆಂದು ಭಾಷಣವನ್ನೂ ಮಾಡಿದರು. ಊಟವಾದ ಮೇಲೆ ಟೆಸ್ಟಿಂಗ್ ಹುಡುಗಿ ಬೋರ್ಡ್ ಹಿಡಿದುಕೊಂಡು ಬಂದಳು. "ಸರ್, ಎಷ್ಟು ಮುಟ್ಟಿದ್ರೂ ಸ್ಕ್ರೀನ್ ಅಲ್ಲಾಡ್ತಿಲ್ಲ." ಸಲೀಸಾಗದೆ ಏನು, ಜಗಳವಾಡಬೇಕಿದ್ದ ಕೋಡೇ ಮನೆಬಿಟ್ಟು ಹೋಗಿತ್ತು. ರಿಫ್ಲಾಗ್‌ನಲ್ಲಿ ಹುಡುಕಿ ವಾಪಸ್ ಕರೆತರುವಷ್ಟರಲ್ಲಿ ಆಫೀಸಿನ ಕೊನೇ ಕ್ಯಾಬ್ ಹೊರಟಿತ್ತು. ನನ್ನದೂ.

ಇಷ್ಟೆಲ್ಲ ಒದ್ದಾಡುವ ಬದಲು ಪ್ಯಾಚ್‌ಗಳನ್ನು ಮೇಲಕ್ಕೇ ಕಳಿಸಿಬಿಡಿ, ಸೇರಿಸಿಕೊಂಡರೆ ಪೀಡೆ ಕಳೆಯಿತಲ್ಲ ಎಂದೆ. "ರಿಯಲ್‌ಟೈಮ್ ಪ್ಯಾಚೇ ಸುಮಾರು 20 ವರ್ಷ ಹೊರಗೆ ಕಾದು 2024ರಲ್ಲಿ, 6.12ಕ್ಕೆ ಒಳಗೆ ಹೋಯ್ತು. ನಮ್ಮದೇನ್ರೀ ಅವಸರ?" ಎಂದರು. ಆದರೆ ಒಂದು ಮಧ್ಯಾಹ್ನ ಅವರ ಡ್ರಾಫ್ಟ್ಸ್‌ನಲ್ಲಿ ಕಂಡಿದ್ದೇನೆ: ಪ್ಲೇನ್ ಟೆಕ್ಸ್ಟ್, ಎಂಟು ಅಕ್ಷರದ ಟ್ಯಾಬ್, ಚೆಕ್‌ಪ್ಯಾಚ್ ಪರೀಕ್ಷೆ ಮುಗಿಸಿ, ಸಹಿ ಸಮೇತ ಸಿದ್ಧವಾಗಿದ್ದ ಪ್ಯಾಚ್‌ಗಳು. ಕಳಿಸುವುದೊಂದೇ ಬಾಕಿ. ಇಂಥ ಗಟ್ಟಿ ಕೆಲಸಗಾರರು, ಊರೆದುರು ಯಾರಾದರೂ "ಇದು ಸರಿಯಿಲ್ಲ" ಎಂದುಬಿಟ್ಟಾರೆಂದು ಹೆದರಿ, ವರ್ಷಗಟ್ಟಲೆ ಒಬ್ಬರೇ ಹೊರುತ್ತಾರೆ.

ಮೊನ್ನೆ ರೀಬೇಸ್ ಮಾಡುವಾಗ, ಇದು ಮೇಲೆ ಈಗಾಗಲೇ ಇದೆ ಎಂದು ಗಿಟ್ ಒಂದು ಪ್ಯಾಚನ್ನು ತಾನೇ ಕೈಬಿಟ್ಟಿತು. ಕಾಯುವ ಹೊತ್ತನ್ನು 20 ಮಿಲಿಸೆಕೆಂಡಿಂದ 50ಕ್ಕೇರಿಸುವ ಒಂದೇ ಸಾಲು. ಯಾರೋ ಅದನ್ನೇ ಬರೆದು ಕಳಿಸಿದ್ದರು. ರಾಯರು ಕುರ್ಚಿಗೆ ಒರಗಿ ಬಹಳ ಹೊತ್ತು ಆ ಸಾಲನ್ನೇ ನೋಡಿದರು.

"ಸರಿಯಾಗೇ ಮಾಡಿದಾನೆ. ಆದ್ರೆ 50 ಯಾಕೆ ಅಂತ ಮೇಲೊಂದು ಕಾಮೆಂಟ್ ಹಾಕ್ಬೇಕಿತ್ತು ಅಲ್ವೇನ್ರೀ?"

ರಾಯರ ಪ್ಯಾಚಿನಲ್ಲೂ ಕಾಮೆಂಟ್ ಇರಲಿಲ್ಲ. ಈಗ ಅದನ್ನು ಹಾಕಿ ಹೊಸದೊಂದು ಪ್ಯಾಚ್ ಮಾಡಿಟ್ಟುಕೊಂಡಿದ್ದಾರೆ.